ವಾರ್ಡಿನಲ್ಲಿ ತಾಟು ಬಾರಿಸುವುದನ್ನು ನಾನು ಬಿಟ್ಟದ್ದು

ನಾನು ಆರನೇ ಇಯತ್ತೆಯ ನಡುವೆಯೇ ಶಾಲೆ ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೆದುಳಿನ ವಿಷಯ ಬರೆಯಲು ನಿನಗೇನು ಅಧಿಕಾರ ಎಂದು ಕೇಳುವವರು ಹೇಗೂ ಕೇಳುತ್ತಾರೆ, ಅವರಿಗೆ ಹುಡುಕುವ ಕಷ್ಟ ಬೇಡ. ನನ್ನ ಅಧಿಕಾರ ಇಷ್ಟೇ. ಗದಗಿನ ಒಂದು ಖಾಸಗಿ ದವಾಖಾನೆಯ ಮಾನಸಿಕ ವಾರ್ಡಿನಲ್ಲಿ ನಾನು ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದೆ. ಡಾಕ್ಟರು ರೋಗಿಯನ್ನು ದಿನಕ್ಕೆ ಹತ್ತು ನಿಮಿಷ ನೋಡುತ್ತಾರೆ. ನಾವು ಎಂಟು ತಾಸು ನೋಡುತ್ತೇವೆ. ಅವನು ಉಣ್ಣುವುದು, ಉಗುಳುವುದು, ಗೋಡೆ ಕಡೆ ಮುಖ ಮಾಡಿ ಅಳುವುದು, ಎಲ್ಲಕ್ಕೂ ನಾವೇ ಸಾಕ್ಷಿ.

ಈಗ ಈ ಕೆಲಸಕ್ಕೆ ಪಿಯುಸಿ, ಡಿಗ್ರಿ ಮುಗಿಸಿದ ಹೊಸಬರು ಬರುತ್ತಿದ್ದಾರೆ. ತರಬೇತಿಯಲ್ಲಿ ಅವರಿಗೆ ಮೆದುಳಿನ ಬಣ್ಣದ ಚಿತ್ರ ತೋರಿಸುತ್ತಾರಂತೆ. ತೋರಿಸಲಿ, ಒಳ್ಳೆಯದೇ. ಆದರೆ ಚಿತ್ರದಲ್ಲಿ ಇಲ್ಲದ ಒಂದು ಸಂಗತಿ ನನ್ನ ಹತ್ತಿರ ಇದೆ, ಅದು ನಾನೇ ಮಾಡಿದ ತಪ್ಪು. ಅದನ್ನು ಹೇಳಲು ಈ ಬರಹ.

ನಾನು ದುಡಿಯುವ ಮನುಷ್ಯ. ಮೂವತ್ತೊಂದು ವರ್ಷ ವಾರ್ಡಿನ ಕುರ್ಚಿಯ ಮೇಲೆ ಕುಳಿತವನಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದೆ, ಬೆಟಗೇರಿಯ ನನ್ನ ಮನೆಯಿಂದ ಸೈಕಲ್ ತುಳಿದು ಐದೂವರೆಗೆ ವಾರ್ಡಿನಲ್ಲಿರುತ್ತಿದ್ದೆ. ಡ್ಯೂಟಿ ಶುರುವಾಗುವುದು ಏಳಕ್ಕೆ. ಜ್ವರ ಬಂದರೂ ರಜೆ ಹಾಕಲಿಲ್ಲ. ಮಗಳ ಮದುವೆಯಲ್ಲಿ ಕೂಡ ಪಂಕ್ತಿಯಲ್ಲಿ ಕೂರದೆ ಬಡಿಸುತ್ತಲೇ ಇದ್ದೆ. ನನ್ನ ಹೆಂಡತಿ ಅನ್ನುತ್ತಿದ್ದಳು, "ನಿಮ್ಮ ಕಾಲಾಗ ಚಕ್ರ ಅದಾವೇನ್ರಿ? ಒಂದ್ ಗಳಿಗಿ ಕುಂತ್ರ ಭೂಮಿ ಮುಳಗತೈತೇನು?" ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಇಂಥವನ ಕಣ್ಣಿಗೆ ಹಾಸಿಗೆ ಬಿಟ್ಟು ಏಳದವನು ಹೇಗೆ ಕಂಡಾನು? ಹುಚ್ಚು ನನಗೆ ಅರ್ಥವಾಗುತ್ತಿತ್ತು. ಕಿವಿಯಲ್ಲಿ ಮಾತು ಕೇಳಿಸುವವನು, ಅಂಗಿ ಹರಿದುಕೊಳ್ಳುವವನು, ದೇವರೇ ತಾನೆಂದು ನಿಲ್ಲುವವನು, ಇವರೆಲ್ಲ ರೋಗಿಗಳು, ಸರಿ. ಆದರೆ ಸುಮ್ಮನೆ ಮಲಗಿ ಸೂರು ನೋಡುವವನು ನನ್ನ ಲೆಕ್ಕದಲ್ಲಿ ಮೈಗಳ್ಳ. ಅವರಿಗೆಂದು ನನ್ನದೇ ಒಂದು ಪದ್ಧತಿ ಇತ್ತು. ಒಂದು ಹಳೆಯ ಜರ್ಮನ್ ತಾಟು. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಎನ್ನುತ್ತೇವೆ. ಬೆಳಿಗ್ಗೆ ಆರಕ್ಕೆ ಅದನ್ನು ಎತ್ತಿಕೊಂಡು ಚಮಚೆಯಿಂದ ಬಾರಿಸುತ್ತ ಮಂಚದಿಂದ ಮಂಚಕ್ಕೆ ಹೋಗುತ್ತಿದ್ದೆ. ಏಳದವನ ಕಿವಿಯ ಹತ್ತಿರ ನಿಂತು ಇನ್ನೂ ಜೋರು. ಎದ್ದವನ ಕೈಗೆ ಕಸಬರಿಗೆ. ಹಳೆಯ ಕಾಲದಲ್ಲಿ ರೋಗಿಯನ್ನು ಹಗ್ಗದಿಂದ ಕಟ್ಟುತ್ತಿದ್ದೆವು, ಅದು ಹೋಯಿತು. ಕೋಣೆಗೆ ಬೀಗ ಹಾಕುತ್ತಿದ್ದೆವು, ಅದೂ ಹೋಯಿತು. ನನ್ನ ತಾಟು ಮಾತ್ರ ಉಳಿಯಿತು. ಸೂಪರ್‌ವೈಸರ್ ಸಾಹೇಬರಿಗೆ ಅದು ಬಹಳ ಮೆಚ್ಚು. "ದ್ಯಾಮಣ್ಣ ಇದ್ರ ಅಲಾರಾಂ ಬ್ಯಾಡ ನೋಡ್ರಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹಾಗಿರುವಾಗ ಒಂದು ದಿನ ಅಸುಂಡಿಯಿಂದ ಮಲ್ಲೇಶಿ ಬಂದ. ಇದು ಅವನ ಹೆಸರಲ್ಲ. ಈ ಬರಹವನ್ನು ಅವನಿಗೆ ಓದಿ ಹೇಳಿದಾಗ, "ನನ್ನ ಹೆಸರ ಹಾಕು ಕಾಕಾ, ನಾ ಏನ್ ಕಳವ ಮಾಡೇನೇನು?" ಎಂದ. ಆದರೂ ಬದಲಿಸಿದ್ದೇನೆ, ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ. ಆಗ ಅವನಿಗೆ ಇಪ್ಪತ್ತೈದು ಇರಬಹುದು. ಹೊಲ ಮನೆ ಇದ್ದ ಹುಡುಗ, ಮದುವೆಯಾಗಿ ಎರಡು ವರ್ಷ. ಹೆಂಡತಿ ರೇಣುಕಾ ಬಾಣಂತನಕ್ಕೆಂದು ಮುಳಗುಂದದ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿ ಮೂರು ತಿಂಗಳಾಗಿತ್ತು. ಆ ಕೂಸನ್ನು ನೋಡಲಿಕ್ಕೂ ಅವನು ಎದ್ದು ಹೋಗಿರಲಿಲ್ಲ. ಬಿತ್ತನೆಗೂ ಎದ್ದಿರಲಿಲ್ಲ. ಸ್ನಾನಕ್ಕೆ ಎಬ್ಬಿಸಿದರೆ ಬಚ್ಚಲಲ್ಲಿ ನೀರು ತಣ್ಣಗಾಗುವ ತನಕ ಸುಮ್ಮನೆ ಕೂತಿರುತ್ತಿದ್ದನಂತೆ.

ಅವನನ್ನು ಕರೆತಂದವರು ಇಬ್ಬರು. ಒಬ್ಬಳು ತಾಯಿ ನೀಲವ್ವ, ಗಂಡ ಸತ್ತ ಮೇಲೆ ಕೂಲಿ ಮಾಡಿ ಹೊಲ ಉಳಿಸಿಕೊಂಡ ಹೆಣ್ಣುಮಗಳು. ಇನ್ನೊಬ್ಬರು ರೇಣುಕಾಳ ತಂದೆ ಫಕೀರಪ್ಪ. ಮುಳಗುಂದದಲ್ಲಿ ಕಿರಾಣಿ ಅಂಗಡಿ, ಬಿಳಿ ಟೊಪ್ಪಿಗೆ, ಮಾತು ಕಡ್ಡಿ ಮುರಿದ ಹಾಗೆ. ಡಾಕ್ಟರು ಅವತ್ತು ಮುಂಡರಗಿ ಕ್ಯಾಂಪಿಗೆ ಹೋಗಿದ್ದರು. ಫಕೀರಪ್ಪ ನನ್ನನ್ನೇ ಹಿಡಿದು ನಿಲ್ಲಿಸಿದರು.

"ಅಣ್ಣಾರ, ನಂದೊಂದ ಮಾತ. ರೋಗ ಇದ್ರ ರೋಗ ಅನ್ರಿ, ಮೈಗಳ್ಳತನ ಇದ್ರ ಅದನ್ನ ಅನ್ರಿ. ಐದನೇ ತಿಂಗಳಾಗ ಮಗಳನ್ನ ಗಂಡನ ಮನಿಗೆ ಕಳಸೂ ಪದ್ಧತಿ ಐತಿ. ರೋಗಿಗಾದ್ರ ಕಳಸ್ತೀನಿ, ಸೇವಾ ಮಾಡ್ಲಿ. ಮೈಗಳ್ಳಗ ಕಳಸಾಂವಲ್ಲ. ಅಲ್ಲಿಗೆ ಆ ಸಂಬಂಧ ಹರಿದಂಗ."

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಲ್ಲೇಶಿ ಬೆಂಚಿನ ಮೇಲೆ ಕೂತು ತನ್ನ ಹೆಬ್ಬೆರಳನ್ನು ನೋಡುತ್ತಿದ್ದ, ಯಾರದೋ ಮಾತು ನಡೆದಿದೆ ಎಂಬಂತೆ. ಅವನ ಅಗಲ ಭುಜ, ಗಟ್ಟಿ ರಟ್ಟೆ ನೋಡಿ ನನಗೆ ಸಿಟ್ಟೇ ಬಂತು.

"ನನಗ ಬಿಡ್ರಿ ಯಜಮಾನ್ರ," ಎಂದೆ. "ನಾಕ ದಿನದಾಗ ಇವಂದು ಏನಂತ ತಿಳೀತೈತಿ."

ಎರಡನೆಯ ದಿನ ಸಂಜೆ ಫಕೀರಪ್ಪ ಮತ್ತೆ ಬಂದರು. ಡಾಕ್ಟರು ಒಳಗೆ ಬೇರೆ ರೋಗಿಯ ಜೊತೆ ಇದ್ದರು. ಕಾಯುವ ವ್ಯವಧಾನ ಅವರಿಗೆ ಇರಲಿಲ್ಲ, ಬಾಯಿ ಮುಚ್ಚಿಕೊಳ್ಳುವ ಬುದ್ಧಿ ನನಗೆ ಇರಲಿಲ್ಲ. "ರೋಗ ಗೀಗ ಏನೂ ಕಾಣವಲ್ದು ಬಿಡ್ರಿ," ಎಂದೆ. "ಊಟ ಕೊಟ್ರ ಉಣ್ತಾನ, ಕರದ್ರ ಹೊಳ್ಳಿ ನೋಡ್ತಾನ. ಖರೇ ಹೇಳ್ತೀನಿ, ಮೈಗಳ್ಳ."

ಅವರು ತಲೆಯಾಡಿಸಿ ಮುಳಗುಂದದ ಬಸ್ಸು ಹಿಡಿದರು. ಒಂದು ಮಾತು. ಹೊಸಬರೇ, ಈ ಕೆಲಸದಲ್ಲಿ ನಿಮ್ಮ ಕೈಯಿಂದ ಗಾಜಿನ ಬಾಟಲಿ ಬಿದ್ದರೆ ಗುಡಿಸಬಹುದು. ನಿಮ್ಮ ಬಾಯಿಂದ ಬಿದ್ದದ್ದು ರೋಗಿಯ ಮನೆಯ ತನಕ ಹೋಗಿ ಅಲ್ಲಿ ನೆಲೆಯೂರುತ್ತದೆ.

ಮರುದಿನ ಬೆಳಿಗ್ಗೆ ತಾಟು ಎತ್ತಿಕೊಂಡೆ. ಎಲ್ಲರೂ ಎದ್ದರು, ಮಲ್ಲೇಶಿ ಏಳಲಿಲ್ಲ. ಅವನ ತಲೆಯ ಹತ್ತಿರ ನಿಂತು ಜೋರಾಗಿ ಬಾರಿಸಿದೆ. ಅವನು ಹಾಸಿಗೆಯಿಂದ ಜಾರಿ ಮಂಚದ ಕೆಳಗೆ ಹೋದ. ನಾನು ಬಗ್ಗಿ ನೋಡಿದೆ. ಮೊಣಕಾಲು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಬಲಗೈಯಿಂದ ನೆಲವನ್ನು ಬಡಿಯುತ್ತಿದ್ದ. ನನ್ನ ತಾಟಿನ ತಾಳಕ್ಕೆ ಸರಿಯಾಗಿ. ನನ್ನ ಕೈ ನಿಂತಿತು, ಅವನ ಕೈ ನಿಲ್ಲಲಿಲ್ಲ.

"ಮಲಗಿಲ್ಲೋ ಮಾಮಾ," ಎನ್ನುತ್ತಿದ್ದ, ಐದಾರು ವರ್ಷದ ಮಗುವಿನ ದನಿಯಲ್ಲಿ. "ಬಾರಸಾಕ್ಹತ್ತೀನೋ ಮಾಮಾ, ಮಲಗಿಲ್ಲೋ."

ಬೇರೆ ಕಡೆಯವರಿಗೆ ಆ ಮಾತು ಅರ್ಥವಾಗುತ್ತಿರಲಿಲ್ಲ. ನನಗೆ ಅರೆಗಳಿಗೆ ಕೂಡ ಬೇಕಾಗಲಿಲ್ಲ. ನಮ್ಮ ಕರಿಮಣ್ಣಿನ ಎರೆಹೊಲದಲ್ಲಿ ಹಿಂಗಾರಿ ಜೋಳದ ಕಾಳು ಹಾಲು ತುಂಬಿಕೊಂಡಾಗ ಹಕ್ಕಿಗಳ ಹಿಂಡು ಇಳಿಯುತ್ತದೆ. ಹೊಲದ ನಡುವೆ ನಾಲ್ಕು ಗೂಟದ ಅಟ್ಟ ಕಟ್ಟಿ ಅದರ ಮೇಲೆ ಮನೆಯ ಸಣ್ಣ ಮಗುವನ್ನು ಕೂರಿಸುತ್ತಾರೆ. ಕೈಯಲ್ಲಿ ಒಂದು ತಾಟು. ಬೆಳಕು ಹರಿಯುವಾಗ ಶುರು ಮಾಡಿದರೆ ಕತ್ತಲಾಗುವ ತನಕ ಬಾರಿಸಬೇಕು. ಬಹಳ ಮನೆಗಳಲ್ಲಿ ಅದು ಮಕ್ಕಳಿಗೆ ಆಟ. ಕೆಲವು ಮನೆಗಳಲ್ಲಿ ಸಪ್ಪಳ ನಿಂತರೆ ಬದುವಿನಿಂದ ದೊಡ್ಡವರು ಎದ್ದು ಬರುತ್ತಾರೆ.

ನಾನೂ ಆ ಅಟ್ಟದ ಮೇಲೆ ಕೂತವನು. ಇದನ್ನು ಯಾರಿಗೂ ಹೇಳಿರಲಿಲ್ಲ, ಅವತ್ತೂ ಹೇಳಲಿಲ್ಲ.

ನಮ್ಮ ಡಾಕ್ಟರಮ್ಮ ಮೈಸೂರು ಕಡೆಯವರು, ನನ್ನ ಮಗಳ ವಯಸ್ಸು. ಬಂದು ಒಂದು ವರ್ಷವೂ ಆಗಿರಲಿಲ್ಲ. ತಾಟನ್ನು ಅವರ ಮೇಜಿನ ಮೇಲೆ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಫಕೀರಪ್ಪನಿಗೆ ಹೇಳಿದ ಮಾತನ್ನೂ ಮುಚ್ಚಿಡಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ.

"ಕೂತ್ಕೊಳ್ಳಿ ದ್ಯಾಮಣ್ಣ," ಎಂದರು.

"ಇರಲಿ ಬಿಡ್ರಿ, ನಾ ನಿಂತಾವನ."

"ನಿನ್ನೆಯಿಂದ ನಾನು ಅವನನ್ನು ಮಾತಾಡಿಸ್ತಾ ಇದ್ದೀನಿ, ಒಂದು ಮಾತು ಹೊರಡಲಿಲ್ಲ. ನೀವು ಮಾಡಿದ್ದು ತಪ್ಪು. ಇನ್ನು ಮೇಲೆ ಈ ತಟ್ಟೆ ವಾರ್ಡಿಗೆ ಬರಬಾರದು. ಆದರೆ ನೀವು ಕೇಳಿಸಿಕೊಂಡಿದ್ದನ್ನ ಬೇರೆ ಯಾರೂ ಅರ್ಥ ಮಾಡಿಕೊಳ್ತಿರಲಿಲ್ಲ."

ಆಮೇಲೆ ನೀಲವ್ವನಿಂದ ಉಳಿದದ್ದು ಹೊರಬಂತು. ಗಂಡ ಸತ್ತಾಗ ಮಲ್ಲೇಶಿಗೆ ಆರು ವರ್ಷ. ಹೊಂಬಳದಲ್ಲಿ ತನ್ನ ಅಣ್ಣನ ಮನೆಗೆ ಅವನನ್ನು ಬಿಟ್ಟು ಅವಳು ಕೂಲಿಗೆ ಹೋದಳು. ಐದು ವರ್ಷ ಅವನು ಅಲ್ಲಿದ್ದ. ಹಬ್ಬಕ್ಕೆ ಹೋದಾಗ ಬೆನ್ನಿನ ಮೇಲಿನ ಬಾಸುಂಡೆ ನೋಡಿದ್ದಳು. "ನೋಡಿದ್ದೆನ್ರೀ ಯವ್ವಾ," ಎಂದು ಡಾಕ್ಟರಮ್ಮನ ಮುಂದೆ ನೆಲಕ್ಕೆ ಕೂತಳು. "ನೋಡಿನೂ ಹೊಳ್ಳಿ ಬಿಟ್ಟ ಬಂದೆ. ಎಲ್ಲಿ ಇಟ್ಕೊಳ್ಲಿ ಹೇಳ್ರಿ?"

ಮೆದುಳಿನ ಪಾಠ ನನಗೆ ಆದದ್ದು ಆ ವಾರ. ಡಾಕ್ಟರಮ್ಮ ಕಾಗದದ ಮೇಲೆ ಬರೆದು ತೋರಿಸಿದರು. ಮೆದುಳಿನಲ್ಲಿ 'ಬೇಕು' ಎನ್ನುವ ಒಂದು ಹಾದಿ ಇದೆಯಂತೆ. ಚಹಾದ ವಾಸನೆ ಬಂದರೆ ಕಾಲು ತಾನೇ ಅಡುಗೆಮನೆ ಕಡೆ ತಿರುಗುವುದು ಆ ಹಾದಿಯಿಂದ. 'ಹುಷಾರ್' ಎನ್ನುವ ಇನ್ನೊಂದು ಹಾದಿ ಇದೆ. ಹಾವು ಕಂಡರೆ ಹಿಂದೆ ಜಿಗಿಸುವುದು ಅದು. ಎರಡೂ ಬೇಕು. ಆದರೆ ಮಗು ವರ್ಷಗಟ್ಟಲೆ ಹೆದರಿಕೆಯಲ್ಲೇ ಬೆಳೆದರೆ ಎರಡನೆಯ ಹಾದಿ ಹೆದ್ದಾರಿಯಾಗುತ್ತದೆ, ಮೊದಲನೆಯದು ಮಾಸಿಹೋಗುತ್ತದೆ. ಮುಂದೆ ದೊಡ್ಡವನಾದ ಮೇಲೆ ಒಂದು ಹೊಸ ಭಾರ ಬಿದ್ದರೆ ಸಾಕು, 'ಬೇಕು' ಎನ್ನುವ ಹಾದಿ ಮುಚ್ಚಿಬಿಡುತ್ತದೆ. ಮಲ್ಲೇಶಿಗೆ ಅದು ತಾನು ಅಪ್ಪನಾಗುವ ಸುದ್ದಿ.

"ಅವನಿಗೆ ಏಳೋಕೆ ಮನಸ್ಸಿದ್ದೂ ಏಳ್ತಿಲ್ಲ ಅಂತಲ್ಲ," ಎಂದರು ಡಾಕ್ಟರಮ್ಮ. "ಏಳಬೇಕು ಅನ್ನೋ ಆಸೆ ಹುಟ್ಟೋ ಜಾಗಾನೇ ಮಂಕಾಗಿದೆ. ಕಾಲು ಮುರಿದವನಿಗೆ ಓಡು ಅಂತೀರಾ?"

ನನ್ನ ತಲೆಗೆ ಇದು ಪೂರಾ ಹೋದದ್ದು ಮುಂಡರಗಿಯ ಕ್ಯಾಂಪಿನಲ್ಲಿ. ಅಲ್ಲಿ ಒಬ್ಬ ಮುದುಕ ತನ್ನ ಮಗಳ ರೋಗದ ವಿಷಯ ಕೇಳುತ್ತ, "ಹಾದಿ ಗೀದಿ ನಮಗ ತಿಳಿಯಂಗಿಲ್ಲವ್ವಾ," ಎಂದ. ಡಾಕ್ಟರಮ್ಮ ಮತ್ತೆ ಕಾಗದ ತೆಗೆದರು. ನಾನು ನಡುವೆ ಬಾಯಿ ಹಾಕಿದೆ.

"ಯಜ್ಜಾ, ಎರಿ ಹೊಲದಾಗ ಮಳಿಗಾಲದಾಗ ಗಾಡಿ ಹೊಡದ್ರ ಏನಾಗತೈತಿ?"

"ಚಾಕೋರಿ ಬೀಳತೈತಿ." ಗಾಲಿ ಕೊರೆದ ಗುಂಡಿಸಾಲಿಗೆ ನಮ್ಮಲ್ಲಿ ಚಾಕೋರಿ ಎನ್ನುತ್ತೇವೆ.

"ಬ್ಯಾಸಗ್ಯಾಗ?"

"ಕಲ್ಲಾಗತೈತಿ. ಆಮ್ಯಾಲ ಯಾ ಗಾಡಿ ಬಂದ್ರೂ ಅದರಾಗ ಬೀಳೂದು. ಎತ್ತ ಎಷ್ಟ ಎಳದ್ರೂ ಹೊರಗ ಬರಂಗಿಲ್ಲ."

"ಸಣ್ಣವರಿದ್ದಾಗ ತಲಿ ಹಸೇ ಎರಿ ಇದ್ದಂಗ. ಆಗ ಬಿದ್ದ ಚಾಕೋರಿ ಇದು. ಈಗ ಎತ್ತಿಗೆ ಬಾರಕೋಲಿಲೆ ಹೊಡದ್ರ ಎತ್ತ ಸಾಯತೈತಿ, ಗಾಡಿ ಹೊರಗ ಬರಂಗಿಲ್ಲ."

"ಹಂಗಾರ ಹೊಸಾ ಹಾದಿ ಮಾಡ್ಬೇಕು," ಎಂದ ಮುದುಕ. "ಮ್ಯಾಲ ನೀರ ಬಿಟ್ಟ, ಹಗೂರಕ, ದಿನಾ ಒಂದೀಟ."

ಡಾಕ್ಟರಮ್ಮ ಕಾಗದ ಮಡಿಚಿಟ್ಟರು. ಆಮೇಲೆ ಎಲ್ಲ ಕ್ಯಾಂಪುಗಳಲ್ಲೂ ಅವರು ಹೇಳಿದ್ದು ಎರೆಹೊಲದ ಗಾಡಿಯನ್ನೇ. ಅದು ನನ್ನದು. ಆರನೇ ಇಯತ್ತೆ ಬಿಟ್ಟವನದು. ಎಲ್ಲಿಯಾದರೂ ಯಾರಾದರೂ ಅದನ್ನು ಹೇಳುವುದು ಕೇಳಿದರೆ ನೆನಪಿಡಿ.

ಲಕ್ಷ್ಮೇಶ್ವರದಲ್ಲಿ ಮಾತ್ರ ನಾನು ಸಿಕ್ಕಿಬಿದ್ದೆ. ಅಲ್ಲೊಬ್ಬ ತಂದೆ ಎದ್ದು ನಿಂತು, "ನಮ್ಮಪ್ಪನೂ ನನಗ ಹೊಡದಾನ. ನಾ ಹುಚ್ಚ ಆಗೇನೇನು? ಎದ್ದ ನಿಂತ ಸಂಸಾರ ಮಾಡಿಲ್ಲೇನು?" ಎಂದ. ಸುತ್ತಲಿದ್ದವರು ನಕ್ಕರು. ನನಗೂ ಒಳಗೆ ಅದೇ ಪ್ರಶ್ನೆ ಇತ್ತು. ತಿರುಗಿ ಬರುವಾಗ ಜೀಪಿನಲ್ಲಿ ಡಾಕ್ಟರಮ್ಮನನ್ನು ಕೇಳಿದೆ.

"ಎಲ್ಲರೂ ಕಾಯಿಲೆ ಬೀಳಲ್ಲ," ಎಂದರು. "ಒಬ್ಬೊಬ್ಬರ ಹುಟ್ಟುಗುಣ ಬೇರೆ. ಹೊಡೆತದ ಜೊತೆಗೆ ಕೈ ಹಿಡಿಯೋರು ಯಾರಾದ್ರೂ ಒಬ್ಬರು ಇದ್ರಾ ಅನ್ನೋದು ಬಹಳ ಮುಖ್ಯ. ನಿಮಗೆ ಯಾರಿದ್ರು ದ್ಯಾಮಣ್ಣ?"

ನಾನು ನನ್ನ ವಿಷಯ ಹೇಳಿಯೇ ಇರಲಿಲ್ಲ. ಅವರು ಹೇಗೋ ತಿಳಿದುಕೊಂಡಿದ್ದರು. "ನಮ್ಮ ಆಯಿ," ಎಂದೆ. ನನ್ನ ಅಜ್ಜಿ. ದಿನಾ ಮಧ್ಯಾಹ್ನ ಅಂಬಲಿ ತಂದು ಅಟ್ಟದ ಕೆಳಗೆ ನಿಲ್ಲುತ್ತಿದ್ದಳು. ನಾನು ಕುಡಿಯುವ ತನಕ ನನ್ನ ತಾಟನ್ನು ಅವಳೇ ಬಾರಿಸುತ್ತಿದ್ದಳು, ಬದುವಿನ ಮೇಲೆ ಮಲಗಿದ ಅಪ್ಪನಿಗೆ ಸಪ್ಪಳ ನಿಲ್ಲಬಾರದೆಂದು.

"ಇನ್ನೊಂದು ಕೇಳ್ಲಾ? ನೀವು ಯಾವತ್ತೂ ಯಾಕೆ ಕೂರಲ್ಲ?"

ಆ ಜೀಪಿನಲ್ಲೂ ನಾನು ಸೀಟಿನ ತುದಿಯಲ್ಲಿ, ಕಂಬಿ ಹಿಡಿದು, ಅರ್ಧ ಎದ್ದೇ ಇದ್ದೆ. ಉತ್ತರ ಗೊತ್ತಿತ್ತು. ಮಲ್ಲೇಶಿ ಏಳಲಾರ, ನಾನು ಕೂರಲಾರೆ. ಇಬ್ಬರೂ ಅದೇ ಅಟ್ಟದವರು. ಅವನ ಕೈ ಒಂದು ದಿನ ಸೋತು ನಿಂತಿತು. ನನ್ನದು ನಿಲ್ಲಲೇ ಇಲ್ಲ, ಅರವತ್ತರ ಹತ್ತಿರ ಬಂದರೂ ಮಂಚದಿಂದ ಮಂಚಕ್ಕೆ ತಾಟು ಬಾರಿಸುತ್ತಿತ್ತು. ಒಂದೇ ಗಾಯಕ್ಕೆ ಜನ ಅವನನ್ನು ಮೈಗಳ್ಳ ಎಂದರು, ನನ್ನನ್ನು ದುಡಿಮೆಗಾರ ಎಂದರು.

ವಾರ್ಡಿನಲ್ಲಿ ಹೊಸ ಪದ್ಧತಿ ಶುರುವಾಯಿತು. ಗುಳಿಗೆ ಡಾಕ್ಟರಮ್ಮನದು, ಬೆಳಗಿನ ಕೆಲಸ ನನ್ನದು. ಮೊದಲ ವಾರ ಕೇಳಿದ್ದು ಒಂದೇ, ಎರಡು ಕಾಲನ್ನೂ ನೆಲಕ್ಕೆ ಇಡುವುದು. ಇಟ್ಟರೆ ಅಷ್ಟೇ ಸಾಕು. ಬೇಕಾದರೆ ಮತ್ತೆ ಮಲಗಬಹುದು. ಇಟ್ಟ ಕೂಡಲೇ ಒಂದು ಕಪ್ ಚಹಾ, ತಪ್ಪದೆ, ಪ್ರತಿ ದಿನ. ನನ್ನಂಥವನಿಗೆ ಇದು ಎಂಥ ಶಿಕ್ಷೆ ಎಂದು ನೀವೇ ಯೋಚಿಸಿ. ಅವನ ಮಂಚದ ಹತ್ತಿರ ಅರ್ಧ ತಾಸು ಸುಮ್ಮನೆ ನಿಲ್ಲಬೇಕು, ಚಹಾ ಆರುತ್ತಿರಬೇಕು, ನಾನು ಒಂದು ಮಾತೂ ಆಡಬಾರದು. ಎರಡನೆಯ ವಾರ ಬಾಗಿಲ ತನಕ. ಆಮೇಲೆ ಹೊರಗಿನ ಕರಿಬೇವಿನ ಗಿಡಕ್ಕೆ ಒಂದು ತಂಬಿಗೆ ನೀರು. ಒಂದು ದಿನ ಅವನು ತಾನಾಗಿಯೇ, "ಎರಡನೇ ತಂಬಿಗಿ ಹಾಕ್ಲ್ಯಾ ಕಾಕಾ?" ಎಂದ. ನಾನು ಕಸಬರಿಗೆ ಹಿಡಿದು ಆ ಕಡೆ ತಿರುಗಿದೆ. ಗಂಡಸು ಅಳುವುದನ್ನು ರೋಗಿ ನೋಡಬಾರದು ಎಂದಲ್ಲ. ನನ್ನ ಅಳುವನ್ನು ನಾನೇ ನೋಡಬಾರದು ಎಂದು.

ಸೂಪರ್‌ವೈಸರ್ ಸಾಹೇಬರಿಗೆ ಇದು ಹಿಡಿಸಲಿಲ್ಲ. "ಏನ್ ದ್ಯಾಮಣ್ಣ, ಅಳಿಯನ ಉಪಚಾರ ನಡಸೀಯೇನು? ಚಾ ಕುಡಸಿದ್ರ ಹುಚ್ಚ ಹೋಗತಾವಂತೇನು?"

"ತಾಟ ಬಾರಸಿದ್ರ ಹೋಗಿಲ್ಲಲ್ರೀ ಸಾಹೇಬ್ರ," ಎಂದೆ.

ಎರಡು ತಿಂಗಳಾಗುತ್ತ ಬಂತು. ಮಲ್ಲೇಶಿ ಅಸುಂಡಿಗೆ ಮರಳಿದ್ದ, ವಾರಕ್ಕೊಮ್ಮೆ ಗುಳಿಗೆಗೆ ಬರುತ್ತಿದ್ದ. ಪೂರಾ ಗುಣವಾಗಿರಲಿಲ್ಲ, ಆದರೆ ಎದ್ದು ನಡೆಯುತ್ತಿದ್ದ. ಒಂದು ಶನಿವಾರ ನೀಲವ್ವ ಒಬ್ಬಳೇ ಬಂದಳು. ಐದನೇ ತಿಂಗಳಿಗೆ ಸೊಸೆಯನ್ನು ಕರೆಯಲು ಹೋಗಬೇಕು, ಆದರೆ ಫಕೀರಪ್ಪ ಬರಬೇಡಿ ಎಂದು ಹೇಳಿ ಕಳಿಸಿದ್ದಾರೆ. ಕಾರಣ ಕೇಳಿದ್ದಕ್ಕೆ, "ಮೈಗಳ್ಳ ಅಂತ ದವಾಖಾನಿಯವರ ಹೇಳ್ಯಾರ, ನಂದೇನಲ್ಲ" ಎಂದರಂತೆ.

ದವಾಖಾನೆಯವರು ಎಂದರೆ ನಾನು.

ಡಾಕ್ಟರಮ್ಮ ಒಂದು ಚೀಟಿ ಬರೆದುಕೊಟ್ಟರು, ಇದು ರೋಗ, ಚಿಕಿತ್ಸೆ ನಡೆದಿದೆ ಎಂದು. "ಇದಕ್ಕಿಂತ ಹೆಚ್ಚು ಬರೆಯೋ ಹಾಗಿಲ್ಲ ದ್ಯಾಮಣ್ಣ. ಅವನ ಬಾಲ್ಯದ ವಿಷಯ ಅವನ ಸ್ವತ್ತು. ಅದನ್ನು ನೀವೂ ಹೇಳೋ ಹಾಗಿಲ್ಲ." ಸೂಪರ್‌ವೈಸರ್ ಸಾಹೇಬರು, "ಅಟೆಂಡರ್ ರೋಗಿ ಮನಿಗೆ ಹೋಗೂದ ಯಾ ರೂಲ್‌ನಾಗ ಐತಿ?" ಎಂದರು. ಮರುದಿನ ಭಾನುವಾರ, ನನ್ನ ರಜೆ. ರಜೆಯ ದಿನ ನನ್ನ ಕಾಲಿಗೆ ರೂಲ್ ಇಲ್ಲ. ನೀಲವ್ವ ಮತ್ತು ಮಲ್ಲೇಶಿಯ ಜೊತೆ ಮುಳಗುಂದಕ್ಕೆ ಹೋದೆ.

ಫಕೀರಪ್ಪನ ಮನೆಯ ಕಟ್ಟೆಯ ಮೇಲೆ ಅವರ ಓಣಿಯ ನಾಲ್ಕು ಹಿರಿಯರು ಕೂತಿದ್ದರು. ಒಳಬಾಗಿಲಲ್ಲಿ ರೇಣುಕಾ, ಕಂಕುಳಲ್ಲಿ ಕೂಸು. ಫಕೀರಪ್ಪ ಚೀಟಿ ಓದಿ ಮಡಿಚಿದರು.

"ಕುಂಡ್ರಿ ಅಣ್ಣಾರ. ಅವತ್ತ ನೀವ ಹೇಳಿದ್ರಿ ಮೈಗಳ್ಳ ಅಂತ. ಇವತ್ತ ಚೀಟಿ ತಂದೀರಿ. ಯಾವದ ಖರೆ?"

ನಾನು ನಿಂತೇ ಇದ್ದೆ. "ಅವತ್ತ ಹೇಳಿದ್ದ ಸುಳ್ಳ. ತಪ್ಪ ಮಾಡಿದಾಂವ ನಾನ, ತಿದ್ದಾಕ ಬಂದಾಂವನೂ ನಾನ. ಡಾಕ್ಟರಿಗೆ ಕೇಳಲಾರದ ಬಾಯಿ ಬಿಟ್ಟಿದ್ದೆ."

"ಹಂಗಾರ ಇವಂಗ ಏನಾಗೇತಿ? ಬಿಚ್ಚಿ ಹೇಳ್ರಿ."

"ಅದ ಅವನ ಮಾತು. ಅಂವ ಹೇಳಿದ್ರ ಕೇಳ್ರಿ. ನಾ ನಂದ ಹೇಳ್ತೀನಿ."

ನಾನು ಶಾಲೆ ಬಿಟ್ಟದ್ದು ಬಡತನಕ್ಕೆ ಎಂದು ಮೊದಲಿನಿಂದಲೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹೆಂಡತಿಗೂ ಹಾಗೇ ಹೇಳಿದ್ದೆ. ನಿಜ ಬೇರೆ. ಶಿರಹಟ್ಟಿ ಕಡೆಯ ನಮ್ಮೂರಿನ ಶಾಲೆಯಲ್ಲಿ ಒಂದು ದಿನ ಮಾಸ್ತರರು ನನ್ನ ಅಂಗಿಗೆ ಹತ್ತಿದ ರಕ್ತ ನೋಡಿದರು. ವರ್ಗದ ಮುಂದೆ ನಿಲ್ಲಿಸಿ ಅಂಗಿ ಎತ್ತಿದರು. ಒಳ್ಳೆಯ ಮನುಷ್ಯ, ಮರುಕದಿಂದಲೇ ಎತ್ತಿದರು. "ಯಾರ್ ಹೊಡದ್ರೋ?" ಎಂದರು. ಎಲ್ಲರೂ ನೋಡಿದರು. ಮರುದಿನದಿಂದ ನಾನು ಶಾಲೆಯ ಹಾದಿ ತುಳಿಯಲಿಲ್ಲ. ನಮ್ಮಪ್ಪ ಕುಡುಕನಲ್ಲ, ಊರಲ್ಲಿ ಮರ್ಯಾದಸ್ಥ. ತಾಟಿನ ಸಪ್ಪಳ ನಿಂತರೆ ಬಾರಕೋಲು ಹಿಡಿದು ಬರುತ್ತಿದ್ದ, ಅಷ್ಟೇ.

ಆ ಕಟ್ಟೆಯ ಮುಂದೆ ನಾನೇ ಅಂಗಿ ಎತ್ತಿದೆ. ಬೆನ್ನು ತಿರುಗಿಸಿ ನಿಂತೆ. ಹಕ್ಕಿ ಕಾಯುವ ಅಟ್ಟದ ಕಥೆಯನ್ನು ನನ್ನದೆಂದೇ ಹೇಳಿದೆ. ಎಲ್ಲ ನನ್ನದೇ ಆಗಿತ್ತು.

ಹಿರಿಯರಲ್ಲಿ ಒಬ್ಬರು, "ಹೊಡತ ಎಲ್ಲಾರೂ ತಿಂದೇವೋ ತಮ್ಮಾ. ನೀನೂ ತಿಂದಿ, ಮತ್ತ ಮೂವತ್ತ ವರ್ಷ ದುಡದಿಲ್ಲ?" ಎಂದರು. ಲಕ್ಷ್ಮೇಶ್ವರದ ಅದೇ ಪ್ರಶ್ನೆ. ಈ ಸಲ ಉತ್ತರವಿತ್ತು.

"ದುಡದೇನ್ರಿ. ಯಾಕ ದುಡದೆ ಗೊತ್ತೈತೇನು? ಕುಂತ್ರ ಈಗೂ ಬೆನ್ನ ಹಿಂದ ಬಾರಕೋಲ ಬರತೈತಿ. ನನಗ ನಮ್ಮ ಆಯಿ ಇದ್ಲು, ನಾ ಉಣೂಮಟ ತಾಟ ಬಾರಸಾಕಿ. ಆಯಿ ಇಲ್ಲದಾಂವ ಏನ್ ಮಾಡ್ಬೇಕು? ನನ್ನ ರೋಗಕ್ಕ ನೀವ ಶಾಬಾಸಕಿ ಕೊಟ್ರಿ, ಅವನ ರೋಗಕ್ಕ ಬೈಗಳ ಕೊಟ್ರಿ. ಶಾಬಾಸಕಿ ವಾಪಸ್ ತಗೋರಿ, ನನಗ ಬ್ಯಾಡ."

ಕೂಸು ಕೈ ಬಡಿಯುತ್ತಿತ್ತು. ಆಗ ಮಲ್ಲೇಶಿ ತಲೆ ಎತ್ತಿದ. "ನಾನೂ ಹಕ್ಕಿ ಕಾಯ್ತಿದ್ದೆ ಮಾವಾ," ಎಂದ. "ಹೊಂಬಳದಾಗ. ಐದ ವರ್ಷ." ಅಷ್ಟೇ ಹೇಳಿದ. ನೀಲವ್ವ ಕಟ್ಟೆಯ ಅಂಚು ಹಿಡಿದುಕೊಂಡಳು.

ಫಕೀರಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅವರು ಏನೋ ಹೇಳುವ ಮೊದಲೇ ಬಾಗಿಲಿನಿಂದ ರೇಣುಕಾ ಕೇಳಿದಳು, "ಗುಳಗಿ ಎಷ್ಟ ದಿನ ನುಂಗಬೇಕ್ರಿ?"

"ನೀ ಒಳಗ ನಡಿಯವಾ," ಎಂದರು ಫಕೀರಪ್ಪ.

"ಅವರ ಮನಿಗೆ ಹೋಗಾಕಿ ನಾನೋ ನೀವೋ? ನಾನ ಕೇಳ್ಬೇಕಲ್ಲ." ನನ್ನ ಕಡೆ ತಿರುಗಿದಳು. "ಮುಂಜಾನಿ ಏಳದಿದ್ರ ನಾ ಏನ್ ಮಾಡ್ಬೇಕು, ಅದನ್ನ ಹೇಳ್ರಿ."

ಗುಳಿಗೆ ಡಾಕ್ಟರಮ್ಮ ನಿಲ್ಲಿಸು ಎನ್ನುವ ತನಕ, ನಡುವೆ ತಾವೇ ಬಿಡಬಾರದು ಎಂದೆ. ಕಾಲು ನೆಲಕ್ಕೆ, ಆಮೇಲೆ ಚಹಾ, ಬೈಗುಳ ಇಲ್ಲ, ಕರುಣೆಯ ಅಳುವೂ ಇಲ್ಲ. ಮತ್ತೆ ಪೂರಾ ಮಲಗಿಬಿಟ್ಟರೆ, ಸಾಯುವ ಮಾತಾಡಿದರೆ, ಆ ದಿನವೇ ಗದಗಿಗೆ ಕರೆತರಬೇಕು. ಅವಳು ಒಂದೊಂದಕ್ಕೂ ಹೂಂಗುಟ್ಟಿದಳು, ಸಾಮಾನಿನ ಯಾದಿ ಕೇಳುವ ಹಾಗೆ.

"ಕಳಸ್ತೀನಿ. ದೀಪಾವಳಿ ಮಟ ನೋಡ್ತೀನಿ," ಎಂದರು ಫಕೀರಪ್ಪ ಕೊನೆಗೆ. "ಆಮ್ಯಾಲಿಂದ ಆಮ್ಯಾಲ."

ಸೋಮವಾರ ನನಗೆ ಮೆಮೊ ಬಂತು. ಅನುಮತಿ ಇಲ್ಲದೆ ರೋಗಿಯ ಮನೆಗೆ ಹೋದದ್ದಕ್ಕೆ ತಪ್ಪೊಪ್ಪಿಗೆ ಬರೆದುಕೊಡಬೇಕು. ನನ್ನ ಅಕ್ಷರ ಕಾಗೆಕಾಲು, ಆದರೂ ನಾನೇ ಬರೆದೆ. "ನಾನು ಮಾಡಿದ ತಪ್ಪು ರೋಗಿಯನ್ನು ಮೈಗಳ್ಳ ಎಂದದ್ದು. ಅದನ್ನು ಒಪ್ಪುತ್ತೇನೆ. ಮುಳಗುಂದಕ್ಕೆ ಹೋದದ್ದು ತಪ್ಪಲ್ಲ. ಅದನ್ನು ಒಪ್ಪುವುದಿಲ್ಲ." ಒಂದು ವರ್ಷ ನನ್ನನ್ನು ವಾರ್ಡಿನಿಂದ ತೆಗೆದು ಲಾಂಡ್ರಿಗೆ ಹಾಕಿದರು. ಚಾದರು ಒಗೆಯುವುದು ಹೀನ ಕೆಲಸವಲ್ಲ, ಒಗೆದೆ. ತಾಟು ಮಾತ್ರ ಮತ್ತೆ ಆ ವಾರ್ಡಿನಲ್ಲಿ ಬಾರಿಸಲಿಲ್ಲ.

ಮಲ್ಲೇಶಿ ಒಂದೇ ಸಲಕ್ಕೆ ಗುಣವಾದ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ ಮತ್ತೆ ವಾರ್ಡಿಗೆ ಬಂದ. ಎರಡು ಸಲವೂ ರೇಣುಕಾಳೇ ಕರೆತಂದಳು, ಮಲಗಿದಲ್ಲೇ ಉಳಿದ ಮೂರನೆಯ ದಿನವೇ, ತಿಂಗಳು ಕಾಯದೆ. ಹಳೆಯ ಚಾಕೋರಿ ಮುಚ್ಚುವುದಿಲ್ಲ. ಪಕ್ಕದಲ್ಲಿ ಹೊಸ ಹಾದಿ ಬೀಳುತ್ತದೆ, ಗಾಡಿ ಆಗಾಗ ಜಾರುತ್ತದೆ, ಎತ್ತಿ ಮತ್ತೆ ಇಡಬೇಕು. ಫಕೀರಪ್ಪನ ದೀಪಾವಳಿ ಬಂತು, ಹೋಯಿತು. ಅವರು ಆ ಮಾತು ಮತ್ತೆ ಎತ್ತಲಿಲ್ಲ.

ಹೊಸಬರೇ, ನಿಮ್ಮ ವಾರ್ಡಿನಲ್ಲಿ ಯಾರಾದರೂ, ದೊಡ್ಡ ಡಾಕ್ಟರೇ ಆಗಲಿ, ಮಲಗಿದವನನ್ನು ಮೈಗಳ್ಳ ಎಂದರೆ ಸುಮ್ಮನಿರಬೇಡಿ. ಅವನ ಕಥೆ ನಿಮಗೆ ಗೊತ್ತಿರಬೇಕೆಂದೇನಿಲ್ಲ. ಕಥೆ ಇದೆ ಎಂದು ಗೊತ್ತಿದ್ದರೆ ಸಾಕು. ಮೆಮೊ ಕೊಟ್ಟರೆ ತೆಗೆದುಕೊಳ್ಳಿ. ಮೆಮೊದಿಂದ ಯಾರೂ ಸಾಯುವುದಿಲ್ಲ.

ನಾನು ನಿವೃತ್ತನಾದ ಮೇಲೆ, ಹೋದ ಹಿಂಗಾರಿಯಲ್ಲಿ, ಮಲ್ಲೇಶಿ ಸೀತನಿ ತಿನ್ನಲು ಅಸುಂಡಿಗೆ ಕರೆದ. ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದ ಮೇಲೆ ಸುಟ್ಟು ಉಜ್ಜಿ ಕೊಡುವುದು. ಅವನ ಹೊಲದಲ್ಲಿ ಅಟ್ಟ ಇಲ್ಲ. ಅಲ್ಲಲ್ಲಿ ಕೋಲಿಗೆ ಮಿಂಚುವ ಪಟ್ಟಿ ಕಟ್ಟಿದ್ದಾನೆ, ಗಾಳಿಗೆ ಅದು ಪಟಪಟ ಎನ್ನುತ್ತದೆ. ಮಗಳು ಶಾಲೆಗೆ ಹೋಗಿದ್ದಳು.

"ಪಟ್ಟಿಗೆ ಹಕ್ಕಿ ಹೆದರತಾವೇನೋ?" ಎಂದೆ, ಬದುವಿನ ಮೇಲೆ ನಿಂತು.

"ಎಂಟ ದಿನ ಹೆದರಿದ್ವು. ಈಗ ಅದರ ಮ್ಯಾಲ ಕುಂತ ತಿಂತಾವು." ನಕ್ಕ. "ಕುಂಡ್ರು ಕಾಕಾ."

"ಇರಲಿ ಬಿಡೋ."

"ನನಗ ಏಳ್ಸಾಕ ಒಂದ ತಿಂಗಳ ಚಾ ಆರಿಸಿದ್ದಿ. ನಿನ್ನ ಕುಂಡ್ರಸಾಕ ನಾ ಎಷ್ಟ ದಿನ ನಿಲ್ಲಬೇಕು?"

ಅದೇ ಹೊತ್ತಿಗೆ ಪಶ್ಚಿಮದಿಂದ ಒಂದು ಹಿಂಡು ಬಂದು ತೆನೆಗಳ ಮೇಲೆ ಇಳಿಯಿತು. ನನ್ನ ಬಲಗೈ ತಾನೇ ಮೇಲೆದ್ದಿತು, ಇಲ್ಲದ ತಾಟನ್ನು ಹುಡುಕುತ್ತ. ಮಲ್ಲೇಶಿ ಆ ಕೈಯನ್ನು ಹಿಡಿದು ಬಿಡಿಸಿ, ಬಿಸಿ ಸೀತನಿಯನ್ನು ಬೊಗಸೆ ತುಂಬ ಸುರಿದ. ಕೈ ಸುಟ್ಟಿತು. ಚೆಲ್ಲಬಾರದೆಂದು ಬದುವಿನ ಮೇಲೆ ಕೂತೆ.

ಹಕ್ಕಿಗಳು ತಿಂದವು. ನಾನು ಏಳಲಿಲ್ಲ.